ಒತ್ತು ಕಾಣದ ಬಟನ್

ರಾಗಿಗುಡ್ಡದ ನಮ್ಮ ಮನೆಯಲ್ಲಿ ನಾನು ಹೊಲಿಗೆ ಮೆಷಿನ್ ಮುಂದೆ, ಮಗಳು ಕಂಪ್ಯೂಟರ್ ಮುಂದೆ. ಬಟನ್, ಅರ್ಜಿಯ ಖಾನೆಗಳನ್ನೆಲ್ಲ ಒಮ್ಮೆ ಮಾಡಿಟ್ಟು ಕಂಪೆನಿಯ ಎಲ್ಲ ಆ್ಯಪ್‌ಗಳಿಗೂ ಒದಗಿಸುವುದು ಅವಳ ಕೆಲಸ. ನಾನು ಒಂದೇ ಪೇಪರ್ ಕಟಿಂಗ್ ಇಟ್ಟು ಹತ್ತು ಕುರ್ತಾ ಕತ್ತರಿಸುವ ಹಾಗೆ! 2011ರಲ್ಲಿ ಟ್ವಿಟರ್‌ನವರು 'ಬೂಟ್‌ಸ್ಟ್ರಾಪ್' ಎಂಬ ಇಂಥದ್ದೇ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರಂತೆ.

ಮೊನ್ನೆ ಹೊರಗೆ ಬಿಡುವ ಮುಂಚೆ ನನ್ನ ಮೊಬೈಲ್‌ನಲ್ಲಿ ತೋರಿಸಿದಳು.

"ಇದೇನೇ, 'ಒಪ್ಪಿಗೆ' ಹೋಗಿ 'ಒಪಿಗೆ' ಆಗಿದೆ?" ಎಂದೆ.

ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಬಟನ್ ಅಳೆದಿದ್ದರು. ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಕಟಿಂಗ್ ತಪ್ಪಿ ಗಿರಾಕಿಯ ಬಟ್ಟೆಯೆಲ್ಲ ಹಾಳುಮಾಡಿದ ದಿನ ನನಗೆ ನೆನಪಾಯಿತು.

"ಅಮ್ಮಿ, ಹೀಗೇ ಹೋಗಿದ್ದರೆ ಎಲ್ಲ ಆ್ಯಪ್‌ಗಳಲ್ಲೂ ಇದೇ ತಪ್ಪು" ಎಂದವಳು ರಾತ್ರಿ ಕುಳಿತು ಆ ಒಂದೇ ಕಡೆ ಸರಿಪಡಿಸಿದಳು.

ಈಗ ಪ್ರತಿ ಹೊಸ ಬಟನ್ ಮೊದಲು ನನ್ನ ಮೊಬೈಲ್‌ಗೇ ಬರುತ್ತದೆ. ಕನ್ನಡಕ ಹುಡುಕಿಕೊಂಡು ನೋಡುತ್ತೇನೆ.