ಮೊಂಬಾಸಾದಲ್ಲಿ ನಮ್ಮೂರ ಕಾಗೆ

ಕೀನ್ಯಾದ ಬಂದರು ನಗರ ಮೊಂಬಾಸಾದಲ್ಲಿ ಮುಂಬಯಿಯವರಿಗೆ ಪರದೇಶಕ್ಕೆ ಬಂದೆವೆಂದು ಅಷ್ಟಾಗಿ ಅನ್ನಿಸುವುದಿಲ್ಲ. ಬೀದಿ ತುಂಬ ಬಜಾಜ್ ಆಟೋಗಳು, ಅಂಗಡಿಗಳಲ್ಲಿ ಗುಜರಾತಿ ಮಾತು, ಮೈಗೆ ಅಂಟುವ ಕಡಲ ಸೆಕೆ. ಪೋರ್ಚುಗೀಸರು ಕಟ್ಟಿದ ಫೋರ್ಟ್ ಜೀಸಸ್ ಕೋಟೆಯ ಬಳಿ ಕಂಡ ಕಾಗೆಗಳೂ ನಮ್ಮವೇ. ಅದೇ ಬೂದು ಕತ್ತು, ಅದೇ ಓರೆನೋಟ.

"ಇದು ನಮ್ಮ ದೇಶದ ಹಕ್ಕಿ" ಎಂದು ಆಟೋದವರಿಗೆ ಖುಷಿಯಿಂದ ಹೇಳಿದೆ. "ಹಾಗಾದರೆ ವಾಪಸು ಕರೆದುಕೊಂಡು ಹೋಗಿ" ಎಂದರು. ಅವರ ಮನೆಯಲ್ಲಿ ಕೋಳಿಮರಿಗಳನ್ನು ಅಂಗಳಕ್ಕೆ ಬಿಡುವಂತಿಲ್ಲವಂತೆ. ಒಂದು ಕಾಗೆ ತಾಯಿಕೋಳಿಯನ್ನು ಕೆಣಕುತ್ತಿದ್ದರೆ ಇನ್ನೊಂದು ಮರಿಯನ್ನು ಎತ್ತಿಕೊಂಡು ಹೋಗುತ್ತದಂತೆ.

ಈ ಕಾಗೆ ಇಲ್ಲಿಗೆ ತಾನಾಗಿ ಬಂದದ್ದಲ್ಲ. 1890ರ ದಶಕದಲ್ಲಿ, ಊರಿನ ಕಸ ತಿಂದು ಮುಗಿಸಲೆಂದು ಇದನ್ನು ಜಾಂಜಿಬಾರ್ ದ್ವೀಪಕ್ಕೆ ತರಿಸಿದ್ದರು. 1947ರ ಹೊತ್ತಿಗೆ ಮೊಂಬಾಸಾ ಬಂದರಿನಲ್ಲೂ ಕಾಣಿಸಿಕೊಂಡಿತು. ಕಸದ ಜೊತೆಗೆ ಗೀಜಗದಂಥ ಸಣ್ಣ ಹಕ್ಕಿಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತ ಕರಾವಳಿಯುದ್ದಕ್ಕೂ ಹಬ್ಬಿತು. ಬಿಳಿ ಎದೆಯ ಆಫ್ರಿಕದ ಕಾಗೆಗೂ ಇದರ ಕಾಟ ತಪ್ಪಲಿಲ್ಲ.

2024ರಲ್ಲಿ ಕೀನ್ಯಾದ ವನ್ಯಜೀವಿ ಇಲಾಖೆ 10 ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಬೋನಿಟ್ಟರೆ ಕಾಗೆ ಬೇಗ ಹುಷಾರಾಗುತ್ತದೆ. ಹಾಗಾಗಿ ಮಾಂಸದಲ್ಲಿ ನಿಧಾನವಾಗಿ ಕೆಲಸ ಮಾಡುವ ವಿಷವಿಡುತ್ತಾರೆ. ತಿಂದ ಹಕ್ಕಿ ಕೆಲವು ಗಂಟೆಗಳ ನಂತರ ಸಾಯುತ್ತದೆ.

ಇದನ್ನು ಕೇಳಿ ಸಂಕಟವಾಯಿತು. ಅಪ್ಪನ ತಿಥಿಯಂದು ಡೊಂಬಿವಲಿಯ ಟೆರೇಸಿನಲ್ಲಿ ಎಡೆಯಿಟ್ಟು, ಒಂದು ಕಾಗೆಯಾದರೂ ಬಂದು ಮುಟ್ಟಲಿ ಎಂದು ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದವನು ನಾನು. ಆದರೆ ನಮ್ಮ ಪಿತೃಗಳ ನೆಪ ಹೇಳಿ, ಕೋಳಿಮರಿ ಕಳೆದುಕೊಂಡವರಿಗೆ ಬುದ್ಧಿವಾದ ಹೇಳುವುದು ಸರಿಯೇ? ಇಲ್ಲಿನ ಹಕ್ಕಿಗಳು ಉಳಿಯಬೇಕಾದರೆ ಕಾಗೆ ಕಡಿಮೆಯಾಗಲೇಬೇಕು ಎಂಬುದನ್ನು ಒಪ್ಪಿಕೊಂಡೆ.

ಮರುದಿನ ತರಕಾರಿ ಮಾರುಕಟ್ಟೆಯ ಹಿಂದೆ ಕೊಳೆತ ಹಣ್ಣು, ಮೀನಿನ ತಲೆ, ಉಳಿದ ಅನ್ನದ ದೊಡ್ಡ ರಾಶಿ ನೋಡಿದೆ. ಅದರ ಮೇಲೆ ನೂರಾರು ಕಾಗೆಗಳು. ವಿಷದಿಂದ ಇಂದಿನ ಕಾಗೆಗಳು ಸತ್ತಾವು. ಆದರೆ ಉಳಿದ ನಾಲ್ಕಾರು ಜೋಡಿಗಳು ಮರಿ ಮಾಡಿ ಸಾಕುವುದಕ್ಕೆ ಈ ಒಂದು ರಾಶಿಯೇ ಸಾಕು. ನೂರು ವರ್ಷದ ಹಿಂದೆ ಕಸ ಎತ್ತುವ ಕೆಲಸವನ್ನು ಹಕ್ಕಿಗೆ ವಹಿಸಿ ಮನುಷ್ಯರು ಕೈತೊಳೆದುಕೊಂಡರು. ಆ ಕೆಲಸ ಇನ್ನೂ ಹಾಗೆಯೇ ಬಾಕಿ ಇದೆ.