ಮೂರನೆಯ ಪ್ಲಗ್ಗು



ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ನಿಮ್ಮಲ್ಲೊಬ್ಬ ಹುಡುಗ ನನ್ನ ಪಕ್ಕ ಕುಳಿತವನು, "ಅಂಕಲ್, ನಿಮ್ಮ ಚೀಲದಲ್ಲಿ ಯಾವಾಗಲೂ ಈ ರಬ್ಬರ್ ಪೈಪಿನ ತುಂಡು ಯಾಕೆ?" ಎಂದು ಕೇಳಿದ. ಗೇಣುದ್ದದ ಹಳೆಯ ಪೆಟ್ರೋಲ್ ಪೈಪು ಅದು. ಅಷ್ಟರಲ್ಲಿ ಹೋಳಿಗೆ ಬಂತು, ಉತ್ತರ ಉಳಿದುಹೋಯಿತು. ಸಂಪಾದಕರು ಏನಾದರೂ ಬರೆಯಿರಿ ಎಂದು ಬೆನ್ನು ಹತ್ತಿರುವುದರಿಂದ ಆ ಉತ್ತರವನ್ನೇ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪಿನ ಕಥೆಯೂ ಇದೆ. ನನ್ನ ಹೆಂಡತಿಯ ಹೊರತು ನಮ್ಮವರಲ್ಲಿ ಯಾರಿಗೂ ಇದನ್ನು ಹೇಳಿದವನಲ್ಲ.

ಬ್ಯಾಂಕಿನ ಕೆಲಸದ ಮೇಲೆ ನಾನು ದಾವಣಗೆರೆಯಿಂದ ಇಲ್ಲಿಗೆ ಬಂದದ್ದು 1977ರಲ್ಲಿ. ಲೇಕ್ ಮಾರ್ಕೆಟ್ ಹತ್ತಿರ ಒಬ್ಬ ಬಂಗಾಳಿ ಡಾಕ್ಟರ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಮೀನು ತಿನ್ನದ ಬಾಡಿಗೆದಾರ ಎಂದು ಆ ಮನೆಯವರಿಗೆ ನನ್ನ ಮೇಲೆ ಸ್ವಲ್ಪ ಮರುಕವೇ ಇತ್ತು. ಊರಿನಲ್ಲಿ ನನ್ನ ಸೋದರಮಾವನದು ಗ್ಯಾರೇಜು. ಶಾಲೆಯ ರಜೆಗಳನ್ನೆಲ್ಲ ಅಲ್ಲಿ ಅಂಬಾಸಿಡರುಗಳ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಕಳೆದವನು ನಾನು. ಆ ಅಂಬಾಸಿಡರು ತಯಾರಾಗುತ್ತಿದ್ದುದು ಇಲ್ಲೇ, ಗಂಗೆಯ ಆಚೆ ದಡದ ಉತ್ತರಪಾಡಾದಲ್ಲಿ, 2014ರಲ್ಲಿ ನಿಂತುಹೋಯಿತು. ಪೆಟ್ರೋಲ್ ಅಂಬಾಸಿಡರಿನ ನಾಲ್ಕು ಪ್ಲಗ್ಗುಗಳು ಎಂಜಿನ್ನಿನ ಒಂದು ಪಕ್ಕದಲ್ಲಿ, ಊಟದ ಪಂಕ್ತಿಯಲ್ಲಿ ಕುಳಿತವರಂತೆ ಸಾಲಾಗಿ ಕಾಣುತ್ತವೆ. ಎಂಜಿನ್ನಿನ ಹೆಡ್ಡು ಬೀಡುಕಬ್ಬಿಣದ್ದು. ಸ್ವಲ್ಪ ಒರಟುತನ ಮಾಡಿದರೂ ಸಹಿಸಿಕೊಳ್ಳುತ್ತದೆ. (ನೀವು ಹತ್ತಿ ಬೆಳೆದ ಹಳದಿ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಡೀಸೆಲ್ಲಿನವು. ಅವಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ!)

ಆದರೆ ಡಾಕ್ಟರ ಕಾರು ಅಂಬಾಸಿಡರಲ್ಲ, 1964ರ ಫೋಕ್ಸ್‌ವ್ಯಾಗನ್ ಬೀಟ್ಲ್. 1192 ಸಿ.ಸಿ.; ಕೆನೆಬಣ್ಣ; ದೇಶ ಬಿಟ್ಟು ಹೊರಟ ಯಾರೋ ವಿದೇಶೀಯರಿಂದ ಕೊಂಡದ್ದು. ಡಿಕ್ಕಿ ಮುಂದೆ, ಎಂಜಿನ್ನು ಹಿಂದೆ. ನೀರಿನ ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಂಪಾಗಬೇಕು. ಅದಕ್ಕಾಗಿ ಎಂಜಿನ್ನಿಗೆ ಸುತ್ತಲೂ ತಗಡಿನ ಅಂಗಿ ತೊಡಿಸಿದ್ದಾರೆ. ಸಿಲಿಂಡರುಗಳು ಎಡಕ್ಕೆರಡು, ಬಲಕ್ಕೆರಡು ಮಲಗಿವೆ. ಹಿಂದೆ ನಿಂತು ನೋಡಿದರೆ ಎರಡನೆಯ ಮತ್ತು ನಾಲ್ಕನೆಯ ಪ್ಲಗ್ಗು ಹೇಗೋ ಕೈಗೆ ಸಿಗುತ್ತವೆ. ಒಂದು ಮತ್ತು ಮೂರು ಆಚೆ ತುದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿವೆ. ಮೂರನೆಯದರದು ಇನ್ನೊಂದು ಗೋಳು: ಆ ಕಾಲದ ಎಂಜಿನ್ನುಗಳಲ್ಲಿ ಅದರ ಗಾಳಿಯ ದಾರಿಗೆ ಆಯಿಲ್ ಕೂಲರ್ ಅಡ್ಡ ನಿಂತಿರುತ್ತದೆ. ಹಾಗಾಗಿ ಉಳಿದವಕ್ಕಿಂತ ಅದಕ್ಕೆ ಕಾವು ಹೆಚ್ಚು.

1978ರ ಸೆಪ್ಟೆಂಬರಿನ ಮಳೆಯನ್ನು ನಿಮ್ಮ ತಂದೆತಾಯಿಗಳಲ್ಲಿ ಕೆಲವರಾದರೂ ಕಂಡಿರಬಹುದು. ದಿನಗಟ್ಟಲೆ ಬೀದಿಗಳು ನೀರಿನಲ್ಲಿದ್ದವು. ನೀರಿಳಿದ ಮೇಲೆ ಬೀಟ್ಲ್ ಸ್ಟಾರ್ಟ್ ಆಗಲಿಲ್ಲ. ಡಾಕ್ಟರು ಚಿಂತೆಯಲ್ಲಿದ್ದರು, ಏಕೆಂದರೆ ತುಂಬು ಗರ್ಭಿಣಿ ಮಗಳು ಹೆರಿಗೆಗೆಂದು ಮನೆಗೆ ಬಂದಿದ್ದಳು. ನಾನು ಜಂಬದಿಂದ, "ಪ್ಲಗ್ಗು ಬದಲಿಸಿದರೆ ಆಯಿತು, ನಾನೇ ಮಾಡುತ್ತೇನೆ" ಎಂದೆ. ಅದಕ್ಕೆ ಒಗ್ಗುವ ಮೈಕೋ ಪ್ಲಗ್ಗು ನಾಲ್ಕು ತಂದೆ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯ ಮಾಲು ಎಂದು ಡಬ್ಬಿ ತೋರಿಸಿ ಡಾಕ್ಟರ ಮುಂದೆ ಹೆಮ್ಮೆಯನ್ನೂ ಪಟ್ಟೆ.

ಮೂರು ಪ್ಲಗ್ಗು ಕೂತವು. ಮೂರನೇ ಸಿಲಿಂಡರಿನದು ಮಾತ್ರ ಉಳಿಯಿತು. ಕೈ ಒಳಗೆ ಹೋದರೆ ಕಣ್ಣಿಗೆ ಕಾಣದು, ಕಣ್ಣಿಟ್ಟರೆ ಕೈ ಹೋಗದು. ಪ್ಲಗ್ಗನ್ನು ಪಾನಾಕ್ಕೆ ಸಿಕ್ಕಿಸಿ ಅಂದಾಜಿನಲ್ಲಿ ತೂತಿಗೆ ಹಿಡಿದು ತಿರುಗಿಸಿದೆ. ಎರಡು ಸುತ್ತಿಗೇ ಬಿಗಿಯಾಯಿತು. ಬೀಡುಕಬ್ಬಿಣದ ಅಭ್ಯಾಸದ ಕೈ; ಇನ್ನಷ್ಟು ಒತ್ತಿದೆ. ಬೀಟ್ಲಿನ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು, ಪ್ಲಗ್ಗಿನ ಥ್ರೆಡ್ಡು ಉಕ್ಕು. ಓರೆಯಾಗಿ ಹೊಕ್ಕ ಉಕ್ಕು ಮೆತ್ತಗಿನ ಅಲ್ಯೂಮಿನಿಯಂ ಅನ್ನು ಕೊರೆದುಕೊಂಡೇ ಹೋಗುತ್ತದೆ. ಬೆರಳಿಗೆ ಒಂದು ಬಗೆಯ ಮರಳು ಮರಳು ಅನುಭವವಾಯಿತು. ಅದೇನೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ ಕ್ಯಾಪು ಹಾಕಿ, ಕೈ ಒರೆಸಿಕೊಂಡು, ಕೀಲಿ ತಿರುಗಿಸಿದೆ. ಎಂಜಿನ್ನು ಹಾಡಿತು. ಮನೆಯವರೆಲ್ಲ ಸಂತೋಷಪಟ್ಟರು, ಸಂದೇಶ್ ಕೊಟ್ಟರು. ತಿಂದೆ.

ಎರಡು ವಾರದ ನಂತರ, ನಡುರಾತ್ರಿ, ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಚೌರಂಗಿಯಲ್ಲಿ ಪಟಾಕಿ ಸಿಡಿದಂಥ ಸದ್ದಾಯಿತಂತೆ. ಸಿಲಿಂಡರಿನ ಒತ್ತಡಕ್ಕೆ ಪ್ಲಗ್ಗು ಕಿತ್ತು ಹಾರಿತ್ತು. ಅವರು ನಡುಬೀದಿಯಲ್ಲಿ ನಿಂತು, ಟ್ಯಾಕ್ಸಿ ಸಿಗಲು ಎಷ್ಟೋ ಹೊತ್ತು ಕಾದರು. ಮಗು ಸುರಕ್ಷಿತವಾಗಿ ಹುಟ್ಟಿತು, ಗಂಡು. ಬೆಳಿಗ್ಗೆ ಈ ಸಂಗತಿಯನ್ನು ನಗುನಗುತ್ತ ಹೇಳಿದ ಡಾಕ್ಟರು, "ಹಳೇ ಗಾಡಿ, ಏನು ಮಾಡುವುದು" ಎಂದರು. ನಾನೂ ತಲೆಯಾಡಿಸಿದೆ.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ಸಂಜೆ ಕೆಳಗಿಳಿದು ಹೋಗಿ, ಬರುತ್ತಿದ್ದ ಅರೆಬರೆ ಬಂಗಾಳಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ "ಜಾನಿ" ಎಂದರು. ಗೊತ್ತು ಎಂದು! ಕ್ಯಾಪಿಗೆ ಕಚ್ಚಿಕೊಂಡು ಉಳಿದಿದ್ದ ಪ್ಲಗ್ಗನ್ನು ಮೇಜಿನ ಖಾನೆಯಿಂದ ತೆಗೆದು ನನ್ನ ಮುಂದಿಟ್ಟರು. ಅದರ ಸುರುಳಿಗಳ ತುಂಬ ಅಲ್ಯೂಮಿನಿಯಂ ಚೂರು ಹೊಳೆಯುತ್ತಿತ್ತು. ಮೂರು ದಿನ ಅವರು ಯಾಕೆ ಸುಮ್ಮನಿದ್ದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಲ್ಲಿಕ್ ಬಜಾರಿನ ಒಬ್ಬ ಮಿಸ್ತ್ರಿ ಎಂಜಿನ್ನನ್ನೇ ಕೆಳಗಿಳಿಸಿದ. ಬೀಟ್ಲಿನಲ್ಲಿ ಅದು ನಾಲ್ಕು ಬೋಲ್ಟಿನ ಕೆಲಸ. ಕೆಟ್ಟ ತೂತನ್ನು ಹಿಗ್ಗಿಸಿ, ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ತಂತಿಯನ್ನು ಒಳಗೆ ಕೂರಿಸಿ ಹೊಸ ಥ್ರೆಡ್ಡು ಮಾಡಿದ. ಖರ್ಚು ನನ್ನದು ಎಂದೆ, ಡಾಕ್ಟರು ಒಪ್ಪಲಿಲ್ಲ. ಮುಂದೆ ಈ ಗಾಡಿಯ ಪ್ಲಗ್ಗು ನೀನೇ ಹಾಕಬೇಕು, ಬೇರೆ ಯಾರೂ ಮುಟ್ಟಕೂಡದು ಎಂದರು. ಅದೇ ಶಿಕ್ಷೆ.

ರಬ್ಬರ್ ಪೈಪಿನ ಉಪಾಯ ಕಲಿಸಿದವನು ಆ ಮಿಸ್ತ್ರಿ. ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಹಳೆಯ ಪ್ಲಗ್ಗು ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಸೈಕಲ್ ಪಂಪಿನಿಂದ ಊದಬೇಕು, ಇಲ್ಲವಾದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಹೊಸ ಪ್ಲಗ್ಗಿನ ಬಾಯಿಯ ಸಂದು 0.6ರಿಂದ 0.7 ಮಿ.ಮೀ. ಅದರ ಮೇಲ್ತುದಿಯನ್ನು ಪೈಪಿನೊಳಗೆ ತುರುಕಿ, ತೂತಿಗೆ ಹಿಡಿದು, ಮೊದಲು ಹಿಂದಕ್ಕೆ ತಿರುಗಿಸಿ. ಒಂದು ಕಡೆ ಥ್ರೆಡ್ಡು ಟಕ್ಕೆಂದು ಇಳಿಯುವುದು ಬೆರಳಿಗೆ ತಿಳಿಯುತ್ತದೆ. ಆಗ ಮುಂದಕ್ಕೆ. ಪ್ಲಗ್ಗು ಓರೆಯಾಗಿದ್ದರೆ ಪೈಪಿಗೆ ಅದನ್ನು ಒತ್ತಾಯಿಸುವ ಶಕ್ತಿಯಿಲ್ಲ, ಸುಮ್ಮನೆ ಜಾರುತ್ತದೆ. ಪಾನಾ ಹಚ್ಚುವುದು ಕೊನೆಯ ಕಾಲು ಸುತ್ತಿಗೆ ಮಾತ್ರ. ಆಮೇಲೆ ಕ್ಯಾಪಿನ ರಬ್ಬರು ತಗಡಿನ ತೂತನ್ನು ಸರಿಯಾಗಿ ಮುಚ್ಚಿದೆಯೇ ಎಂದು ಬೆರಳಾಡಿಸಿ ನೋಡಿ, ಇಲ್ಲದಿದ್ದರೆ ತಂಪು ಗಾಳಿ ಸೋರಿಹೋಗುತ್ತದೆ.

ಡಾಕ್ಟರು ಈಗಿಲ್ಲ. ಆ ರಾತ್ರಿ ಹುಟ್ಟಿದ ಮೊಮ್ಮಗನೇ ಕಾರಿನ ಯಜಮಾನ, ತಲೆ ನರೆತಿದೆ. ಐವತ್ತು ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮ ಬಂದ ಮೇಲೆ ಅವನಿಗೆ ಅದರ ಮೇಲೆ ಮಮತೆ ಇನ್ನೂ ಹೆಚ್ಚಿದೆ. ಈ ಚಳಿಗಾಲದಲ್ಲಿ ಪ್ಲಗ್ಗು ಬದಲಿಸಲು ಕರೆದ. ಸಂಧಿವಾತದ ನನ್ನ ಬೆರಳು ಮೂರನೆಯದರವರೆಗೆ ಹೋಗಲಿಲ್ಲ. ಯುಗಾದಿಯಲ್ಲಿ ಪ್ರಶ್ನೆ ಕೇಳಿದ್ದ ಹುಡುಗನಿಗೆ ಫೋನು ಮಾಡಿದೆ, ಬಂದ. ಮೊಬೈಲಿನ ಬೆಳಕು ಹಾಕಲು ಹೋದವನಿಗೆ ಬೇಡವೆಂದು ಪೈಪು ಕೊಟ್ಟೆ.

ಕಣ್ಣು ಮುಚ್ಚಿಕೊಂಡು ಕೈ ಇಳಿಸಿದ. ಎರಡು ಸುತ್ತಿಗೇ ನಿಂತು, "ಅಂಕಲ್, ಜಾರ್ತಿದೆ" ಎಂದ.

"ಹಾಗಾದರೆ ತೆಗೆದು ಮೊದಲಿನಿಂದ ಹಚ್ಚಪ್ಪ" ಎಂದೆ. ತೆಗೆದ.