ಲಕ್ಷದೊಳಗಿನ ಲಕ್ಷ್ಯ

ನಲವತ್ತು ದಾಟಿದ ಗಂಡಸಿಗೆ ಹೊಸ ಹುಚ್ಚು ಹತ್ತಬಾರದು ಎಂಬುದು ನನ್ನ ಹೆಂಡತಿಯ ಸಿದ್ಧಾಂತ. ಹಳೆಯ ಹುಚ್ಚುಗಳನ್ನು ಸಾಕುವುದೇ ಕಷ್ಟವಾಗಿರುವಾಗ ಹೊಸದೊಂದನ್ನು ಮನೆಗೆ ಕರೆತರುವುದು ಸಂಸಾರಸ್ಥನಿಗೆ ತಕ್ಕದ್ದಲ್ಲ ಎನ್ನುತ್ತಾಳೆ. ನನ್ನ ಹಳೆಯ ಹುಚ್ಚು ಪುಸ್ತಕಗಳದು. ಅದಕ್ಕೆ ಅವಳು ಹೇಗೋ ಹೊಂದಿಕೊಂಡಿದ್ದಾಳೆ. ಬಡಗಿಯ ಮನೆಯಲ್ಲಿ ಉಳಿ ಬಾಚಿ ಬಿದ್ದಿರುವಂತೆ ಕನ್ನಡ ಮೇಷ್ಟರ ಮನೆಯಲ್ಲಿ ಪುಸ್ತಕ ಬಿದ್ದಿರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದಾಳೆ. ಆದರೆ ಎರಡು ವರ್ಷದ ಹಿಂದೆ ನನಗೆ ಕೈಗಡಿಯಾರದ ಹುಚ್ಚು ಹತ್ತಿತು. ಅದೂ ಅಂಥಿಂಥ ಗಡಿಯಾರವಲ್ಲ. ಒಳಗೆ ಬ್ಯಾಟರಿಯಿಲ್ಲದೆ ಬರಿಯ ಉಕ್ಕಿನ ಸುರುಳಿಯ ಬಲದಿಂದ ನಡೆಯುವ, ನಾಲ್ಕು ಜನ ಹೆಸರು ಕೇಳಿ ಹುಬ್ಬೇರಿಸುವ, ಒಂದೇ ಮಾತಿನಲ್ಲಿ ಹೇಳುವುದಾದರೆ, ಶೋಕಿಯ ಗಡಿಯಾರ.

“ಟೈಮು ನೋಡೋದಕ್ಕೆ ಮೊಬೈಲು ಇದೆಯಲ್ಲ?” ಎಂದಳು ಅವಳು.

ಇದು ಉತ್ತರವಿಲ್ಲದ ಪ್ರಶ್ನೆ. ಉತ್ತರವಿಲ್ಲದಾಗ ಇನ್ನೊಂದು ಪ್ರಶ್ನೆ ಕೇಳುವುದು ನಮ್ಮ ವೃತ್ತಿಯವರ ಅಭ್ಯಾಸ. “ಮನೆ ತುಂಬ ಕರೆಂಟು ದೀಪ ಇದ್ದರೂ ದೇವರ ಮುಂದೆ ಎಣ್ಣೆ ದೀಪ ಯಾಕೆ ಹಚ್ಚುತ್ತೀಯೆ?” ಎಂದೆ. ಗೆದ್ದೆನೆಂದುಕೊಂಡೆ.

“ಎಣ್ಣೆ ದೀಪಕ್ಕೆ ಲಕ್ಷ ರೂಪಾಯಿ ಆಗೋದಿಲ್ಲ” ಎಂದಳು.

ಲಕ್ಷದ ಮಾತು ಬಂದದ್ದು ಹೀಗೆ. ವೇತನ ಪರಿಷ್ಕರಣೆಯ ಹಳೆಯ ಬಾಕಿ ಒಂದಿಷ್ಟು ನನ್ನ ಕೈಗೆ ಬಂದಿತ್ತು. ಮಗಳ ಓದಿಗೆ ಇಷ್ಟು, ಮನೆಯ ಸಾಲಕ್ಕೆ ಇಷ್ಟು, ವಯಸ್ಸಾದ ನನ್ನ ತಂದೆತಾಯಿಗಳ ಔಷಧೋಪಚಾರಕ್ಕೆ ಇಷ್ಟು ಎಂದು ತೆಗೆದಿಟ್ಟ ಮೇಲೆ, ಮೂರು ದಿನದ ಚರ್ಚೆಯಾಗಿ, ನನ್ನ ಹುಚ್ಚಿಗೆ ಒಂದು ಲಕ್ಷ ಮಂಜೂರಾಯಿತು. ಷರತ್ತುಗಳು ಮೂರು. ಸಾಲ, ಕಂತು ಎಂಬ ಮಾತೆತ್ತಕೂಡದು. ಲಕ್ಷದ ಮೇಲೆ ಒಂದು ರೂಪಾಯಿ ಹೋಗಕೂಡದು. ಮುಂದಿನ ರಿಪೇರಿಯ ಖರ್ಚೂ ಅದರೊಳಗೇ ಬರಬೇಕು. ಈ ಮೂರನೆಯ ಷರತ್ತು ಎಷ್ಟು ವಿವೇಕದ್ದೆಂಬುದು ಆಮೇಲೆ ತಿಳಿಯಿತು. ಸುರುಳಿಯ ಗಡಿಯಾರವನ್ನು ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಕೊಳ್ಳುವ ದುಡ್ಡನ್ನು ಮಾತ್ರ ಎಣಿಸಿ ಸಾಕುವ ದುಡ್ಡನ್ನು ಮರೆಯುವವನು ಆನೆ ಕೊಂಡು ಅಂಕುಶ ಮರೆತವನ ಹಾಗೆ.

ಮಿತಿಯೆಂದರೆ ನನಗೆ ಭಯವಿಲ್ಲ. ವರ್ಷವರ್ಷವೂ ತರಗತಿಯಲ್ಲಿ ಭಾಮಿನಿ ಷಟ್ಪದಿಯ ಲಕ್ಷಣ ಹೇಳುವವನು ನಾನು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ೧೪ ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ೨೩. ಪದ್ಯಕ್ಕೆ ಒಟ್ಟು ೧೦೨. ಕುಮಾರವ್ಯಾಸನಂಥ ಕುಮಾರವ್ಯಾಸನಿಗೂ ನೂರಮೂರನೆಯ ಮಾತ್ರೆಯನ್ನು ಯಾರೂ ಕಡ ಕೊಡಲಿಲ್ಲ. ಆ ಲೆಕ್ಕದೊಳಗೇ ಅವನು ಕುರುಕ್ಷೇತ್ರವನ್ನು ನಡೆಸಿದ. ಲಕ್ಷ ರೂಪಾಯಿಯಲ್ಲಿ ನಾನು ಮೂರು ಗಡಿಯಾರ ಕೊಳ್ಳಲಾರೆನೆ? ಒಂದು ಕಾಗದದ ಮೇಲೆ ಮೂರು ಗೆರೆ ಎಳೆದೆ. ಮೊದಲಿನದರ ಮುಂದೆ ‘ಜಪಾನು’ ಎಂದೂ ಎರಡನೆಯದರ ಮುಂದೆ ‘ಸ್ವಿಟ್ಸರ್ಲೆಂಡು’ ಎಂದೂ ಬರೆದೆ. ಮೂರನೆಯ ಗೆರೆಯನ್ನು ಖಾಲಿ ಬಿಟ್ಟೆ. ಅದರ ಹೆಸರು ನನ್ನ ಮನಸ್ಸಿನಲ್ಲಿತ್ತು, ಹೆಂಡತಿಗೆ ಹೇಳಿರಲಿಲ್ಲ.

ಕೊಳ್ಳುವುದಕ್ಕೆ ಮುಂಚೆ ನೋಡಬೇಕಲ್ಲ. ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ದೊಡ್ಡ ಅಂಗಡಿಯೊಂದಕ್ಕೆ ನುಗ್ಗಿದೆ. ಕೈಗೆ ಬಿಳಿಯ ಗವಸು ತೊಟ್ಟ ಹುಡುಗ ಮಖಮಲ್ಲಿನ ತಟ್ಟೆಯಲ್ಲಿ ಗಡಿಯಾರವೊಂದನ್ನು ಮಲಗಿಸಿಕೊಂಡು ಬಂದ. ಹೆರಿಗೆ ಆಸ್ಪತ್ರೆಯಲ್ಲಿ ದಾದಿ ಮಗುವನ್ನು ತಂದು ತೋರಿಸುವ ಕ್ರಮ. ನಾನೂ ಉಸಿರು ಬಿಗಿಹಿಡಿದು ನೋಡಿದೆ. ಬೆಲೆ ಕೇಳಿದೆ. “ಹನ್ನೊಂದೂವರೆ ಸರ್” ಎಂದ. ಹನ್ನೊಂದೂವರೆ ಸಾವಿರವಾದರೆ ಅಡ್ಡಿಯಿಲ್ಲವೆಂದು ಜೇಬಿಗೆ ಕೈ ಹಾಕಿದೆ. “ಲಕ್ಷ” ಎಂದು ಅವನು ಮೆಲ್ಲಗೆ ಸೇರಿಸಿದ. ಹುಡುಗ ಸಭ್ಯ, ನಗಲಿಲ್ಲ. ಜೇಬಿಗೆ ಹಾಕಿದ ಕೈಯಿಂದ ನಾನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

ಶೋಕಿ ಎಲ್ಲಿಂದ ಆರಂಭವಾಗುತ್ತದೆಂಬುದಕ್ಕೆ ಸರ್ಕಾರವೇ ಒಂದು ಲಕ್ಷಣ ಹೇಳಿದೆಯೆಂದು ಆಮೇಲೆ ಗೊತ್ತಾಯಿತು. ಹತ್ತು ಲಕ್ಷ ರೂಪಾಯಿ ಮೀರಿದ ಕೈಗಡಿಯಾರ ಮಾರುವವರು ಕೊಳ್ಳುವವರಿಂದ ನೂರಕ್ಕೆ ಒಂದರಂತೆ ಆದಾಯ ತೆರಿಗೆ ಸಂಗ್ರಹಿಸಬೇಕೆಂದು ೨೦೨೫ರ ಏಪ್ರಿಲಿನಲ್ಲಿ ನಿಯಮ ಬಂತು. ಆ ಲೆಕ್ಕದಲ್ಲಿ ನನ್ನ ಇಡೀ ಸಂಗ್ರಹ ಶೋಕಿಯ ಹತ್ತನೆಯ ಒಂದು ಪಾಲು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ನನ್ನ ಅಜ್ಞಾನವನ್ನು ಕಂಡು ಮರುಗಿ ಒಂದು ಸಂಜೆ ಪಾಠ ಹೇಳಿದರು. ದಿನಕ್ಕೆ ೮೬,೪೦೦ ಸೆಕೆಂಡು. ಬ್ಯಾಟರಿಯ ಗಡಿಯಾರದೊಳಗಿನ ಕ್ವಾರ್ಟ್ಸ್ ಹರಳು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಸುರುಳಿಯ ಗಡಿಯಾರದ ಪುಟ್ಟ ಚಕ್ರವಾದರೋ ಸೆಕೆಂಡಿಗೆ ಸಾಮಾನ್ಯವಾಗಿ ಐದು, ಆರು ಇಲ್ಲವೆ ಎಂಟು ಸಲ ಟಿಕ್ಕೆನ್ನುತ್ತದೆ. ಆದ್ದರಿಂದ ಸಾಧಾರಣ ಬ್ಯಾಟರಿ ಗಡಿಯಾರ ತಿಂಗಳಿಗೆ ತಪ್ಪುವುದು ಹದಿನೈದು ಸೆಕೆಂಡಿನ ಆಸುಪಾಸು. ಸ್ವಿಟ್ಸರ್ಲೆಂಡಿನ ಪರೀಕ್ಷಾ ಸಂಸ್ಥೆ ಸುರುಳಿಯ ಗಡಿಯಾರಕ್ಕೆ ‘ಕ್ರೋನೊಮೀಟರ್’ ಎಂಬ ಬಿರುದು ಕೊಡುವಾಗಲೂ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳುವುದನ್ನು, ಆರು ಸೆಕೆಂಡು ಮುಂದೆ ಓಡುವುದನ್ನು ಕ್ಷಮಿಸುತ್ತದೆ.

“ಅಂದರೆ ಹೆಚ್ಚು ದುಡ್ಡು ಕೊಟ್ಟು ಹೆಚ್ಚು ತಪ್ಪು ಕೊಳ್ಳುವುದೋ?” ಎಂದೆ.

“ಅದಕ್ಕೇ ಅದು ಶೋಕಿ” ಎಂದರು.

೧೯೬೯ರ ಡಿಸೆಂಬರ್ ೨೫ರಂದು ಜಪಾನಿನ ಸೀಕೋ ಕಂಪನಿ ‘ಆಸ್ಟ್ರಾನ್’ ಎಂಬ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಆಮೇಲೆ ಸ್ವಿಟ್ಸರ್ಲೆಂಡಿನ ಕಣಿವೆಗಳಲ್ಲಿ ಕಾರ್ಖಾನೆಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ೧೯೭೦ರಲ್ಲಿ ೯೦,೦೦೦ದಷ್ಟಿದ್ದ ಅಲ್ಲಿನ ಗಡಿಯಾರದ ಕೆಲಸಗಾರರು ಎಂಬತ್ತರ ದಶಕದಲ್ಲಿ ೩೦,೦೦೦ದ ಆಸುಪಾಸಿಗೆ ಇಳಿದರು. ಉಳಿದುಕೊಂಡವರು ಹೊತ್ತು ತೋರಿಸುವ ಕೆಲಸದಲ್ಲಿ ಗೆಲ್ಲುವ ಆಸೆ ಬಿಟ್ಟು, ಕೈಕೆಲಸದ ಅಂದವನ್ನು ಮಾರತೊಡಗಿದರು. ಉಪಯೋಗ ತೀರಿದ ಮೇಲೆ ಬೆಲೆ ಬಂತು. ಹಳಗನ್ನಡ ಓದಿ ಹೊಟ್ಟೆ ಹೊರೆಯುವ ನನಗೆ ಈ ಸ್ಥಿತಿ ಅಪರಿಚಿತವೇನಲ್ಲ.

ಪಾಠ ಮುಗಿದ ಮೇಲೆ ಖರೀದಿ. ಮೊದಲನೆಯದು ಸೀಕೋ, ಕೈ ಆಡಿದಂತೆಲ್ಲ ತಾನೇ ಸುರುಳಿ ಸುತ್ತಿಕೊಳ್ಳುವ ಜಾತಿಯದು, ೨೬,೦೦೦ ರೂಪಾಯಿ. ಎರಡನೆಯದು ೧೮೫೩ರಲ್ಲಿ ಲ ಲೋಕ್ಲ್ ಎಂಬ ಊರಿನಲ್ಲಿ ಹುಟ್ಟಿದ ಟಿಸೋ ಕಂಪನಿಯದು, ೫೬,೫೦೦. ಇಂಗ್ಲಿಷಿನಲ್ಲಿ ಬರೆದಾಗ ಹೆಸರಿನ ತುದಿಗೆ ಟಕಾರವಿದೆ, ಉಚ್ಚರಿಸುವಾಗ ಇಲ್ಲ; ಕೇಶಿರಾಜನಿಗೂ ಸಿಕ್ಕದ ವ್ಯಂಜನಲೋಪ. ಎರಡನ್ನೂ ಪೆಟ್ಟಿಗೆ, ರಸೀತಿ, ಖಾತರಿ ಪತ್ರಗಳ ಸಮೇತ ಅಧಿಕೃತ ಅಂಗಡಿಗಳಲ್ಲಿಯೇ ಕೊಂಡೆ. ಮುಂದೆ ಮಾರಿ ಲಾಭ ಮಾಡುತ್ತೇನೆಂಬ ಭ್ರಮೆಯನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಇಲ್ಲಿಯವರೆಗೆ ನನ್ನ ಛಂದಸ್ಸು ಎಲ್ಲಿಯೂ ಕೆಡಲಿಲ್ಲ.

ಕೆಟ್ಟದ್ದು ಮೂರನೆಯ ಸಾಲಿನಲ್ಲಿ. ಅದರ ಕಥೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ತಂದೆ ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರ ಕೈಯಲ್ಲಿ ಒಂದು ಫಾವ್ರ್ ಲೂಬಾ ಇತ್ತು. ಹಿರಿಯರ ಬಾಯಲ್ಲಿ ‘ಫೇವರ್ ಲೂಬಾ’. ೧೭೩೭ರಲ್ಲಿ ಅದೇ ಲ ಲೋಕ್ಲ್ ಊರಿನಲ್ಲಿ ಮೊದಲಾದ ಮನೆತನದ ಹೆಸರು ಅದು. ೧೮೬೫ರಷ್ಟು ಹಿಂದೆಯೇ ಬೊಂಬಾಯಿಗೆ ವ್ಯಾಪಾರಕ್ಕೆ ಬಂದು ನಮ್ಮ ದೇಶದಲ್ಲಿ ಮನೆಮಾತಾಗಿತ್ತು. ಅಳಿಯನಿಗೆ ವಾಚು ಕೊಡುವುದು ಆಗಿನ ರೂಢಿ. ನಮ್ಮ ತಾಯಿಯ ತಂದೆ ಹೊಸದು ಕೊಡುವ ಅನುಕೂಲವಿಲ್ಲದೆ, ಧಾರೆಯ ದಿನ ತಮ್ಮ ಕೈಯದನ್ನೇ ಬಿಚ್ಚಿ ಕಟ್ಟಿದರಂತೆ.

೨೦೦೧ರಲ್ಲಿ ನನಗೆ ಮಾನಸ ಗಂಗೋತ್ರಿಯಲ್ಲಿ ಎಂ.ಎ. ಸೀಟು ಸಿಕ್ಕಿತು. ಆಗ ತಾನೇ ಅಕ್ಕನ ಮದುವೆ ಮುಗಿದಿತ್ತು. ಹಾಸನದ ಬಸ್ ನಿಲ್ದಾಣಕ್ಕೆ ನನ್ನನ್ನು ಬಿಡಲು ಬಂದ ತಂದೆ ಹಾಸ್ಟೆಲಿನ ದುಡ್ಡನ್ನು ನನ್ನ ಜೇಬಿಗೆ ತುರುಕುವಾಗ ನೋಡಿದೆ. ಎಡಗೈಯ ಮಣಿಕಟ್ಟಿನ ಮೇಲೆ ಗಡಿಯಾರವಿರಲಿಲ್ಲ. ಬಿಸಿಲು ಕಾಣದ ಬೆಳ್ಳಗಿನ ಪಟ್ಟಿ ಮಾತ್ರ ಇತ್ತು. ಬಸ್ಸು ಹೊರಡುವುದಕ್ಕೆ ಎಷ್ಟು ಹೊತ್ತಿದೆಯೆಂದು ಅವರು ಕಂಡಕ್ಟರನ್ನು ಕೇಳಿದರು. ಗಡಿಯಾರಕ್ಕೆ ಎಷ್ಟು ಬಂತು, ಉಳಿದದ್ದನ್ನು ಎಲ್ಲಿ ಹೊಂದಿಸಿದರು ಎಂದು ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

೨೦೦೫ರಲ್ಲಿ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಒಂದು ಎಚ್.ಎಂ.ಟಿ. ‘ಜನತಾ’ ತಂದುಕೊಟ್ಟೆ. ಹದಿನೇಳು ಹರಳಿನದು, ದಿನಾ ಕೀ ಕೊಡುವಂಥದು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡತೊಡಗಿದ ಎಚ್.ಎಂ.ಟಿ.ಯ ಆ ಶಾಖೆಯನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ತಂದೆಯ ಕೈಯ ಜನತಾಗೆ ಆ ಸುದ್ದಿ ಮುಟ್ಟಿದಂತಿಲ್ಲ, ಈಗಲೂ ನಡೆಯುತ್ತಿದೆ. ಬದಲಿ ಕೊಟ್ಟೆನಲ್ಲ, ಲೆಕ್ಕ ಚುಕ್ತಾ ಆಯಿತು ಎಂದು ಎಷ್ಟೋ ಸಲ ಅಂದುಕೊಂಡೆ. ಆಗಿರಲಿಲ್ಲ. ಆ ಖಾಲಿ ಬಿಟ್ಟ ಗೆರೆಯ ಗುಟ್ಟು ಇದು.

ಹಳೆಯ ಗಡಿಯಾರ ಮಾರುವ ವ್ಯಾಪಾರಿಯೊಬ್ಬನಲ್ಲಿ ಅದೇ ಹೆಸರಿನ, ಅದೇ ಕಾಲದ, ನನ್ನ ನೆನಪಿನಲ್ಲಿದ್ದಂಥದೇ ಒಂದು ಗಡಿಯಾರ ಸಿಕ್ಕಿತು. ಅರುವತ್ತು ವರ್ಷದ ವಸ್ತುವಿನ ಮುಖ ನಿನ್ನೆ ಹುಟ್ಟಿದ್ದರಂತೆ ಹೊಳೆಯುತ್ತಿತ್ತು. ಅನುಮಾನ ಬರಬೇಕಾದದ್ದು ಅಲ್ಲಿಯೇ. ನನಗೆ ಬಂದದ್ದು ಆನಂದ. ೧೪,೦೦೦ ಎಣಿಸಿ ಕೊಟ್ಟೆ. ಮೈಸೂರಿಗೆ ತಂದು, ಓಣಿಯಲ್ಲಿ ಮೇಜು ಹಾಕಿಕೊಂಡು ಕೂರುವ ವಯಸ್ಸಾದ ರಿಪೇರಿಯವರಿಗೆ ತೋರಿಸಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಹಿಂದಿನ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು.

“ಮೆಷಿನ್ನು ಅಸಲಿ ಸಾರ್. ಡಯಲ್ಲಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಮುಳ್ಳು ಬೇರೆ ವಾಚಿಂದು. ಕೀ ಇನ್ನೊಂದರದು. ಮೂರು ಮನೆ ಮಕ್ಕಳನ್ನ ಒಂದೇ ತೊಟ್ಟಿಲಲ್ಲಿ ಹಾಕಿದ್ದಾರೆ” ಎಂದರು.

ಗ್ರಂಥಸಂಪಾದನೆಯ ಪಾಠ ಮಾಡುವ ನಾನು, ಮೂಲಪಾಠ ಯಾವುದು ಪ್ರಕ್ಷಿಪ್ತ ಯಾವುದು ಎಂದು ವಿದ್ಯಾರ್ಥಿಗಳನ್ನು ಗೋಳುಹೊಯ್ದುಕೊಳ್ಳುವ ನಾನು, ಮುಖಪುಟವೆಲ್ಲ ಪ್ರಕ್ಷಿಪ್ತವಾದ ಪ್ರತಿಯನ್ನು ಹಣ ಕೊಟ್ಟು ತಂದಿದ್ದೆ! ಸರಿಯಾಗಿ ನಡೆಯುವಂತೆ ಮಾಡಲು ಮೂರು ಸಾವಿರ ಆಗುತ್ತದೆಂದರು. ಲಕ್ಷದಲ್ಲಿ ನನಗೆ ಉಳಿದದ್ದು ೩,೫೦೦.

ಆ ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಮೋಸಹೋದದ್ದನ್ನು, ಬಸ್ ನಿಲ್ದಾಣದ್ದನ್ನು. ಬೈಯುತ್ತಾಳೆಂದುಕೊಂಡಿದ್ದೆ. “ಇದನ್ನ ಮೊದಲೇ ಹೇಳಿದ್ದರೆ ಮೂರು ದಿನದ ವಾದ ಉಳೀತಿತ್ತಲ್ಲ ರೀ” ಎಂದಳು. ಆಮೇಲೆ, “ರಿಪೇರಿ ಆಮೇಲಾಗಲಿ. ಮೊದಲು ಮಾವನವರ ಕೈಗೆ ಕೊಡಿ” ಎಂದಳು.

ಕೊಟ್ಟೆ. ತಂದೆ ಅದನ್ನು ತಿರುಗಿಸಿ ನೋಡಿದರು, ಕೀ ಕೊಟ್ಟರು, ಕಿವಿಯ ಹತ್ತಿರ ಹಿಡಿದರು. ಏನೂ ಹೇಳಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, “ಇದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಲ್ಲೋ” ಎಂದರು. ಬೇರೆ ದಾರಿಯಿಲ್ಲದೆ ಹೊಸ ಬಣ್ಣದ, ಮೂರು ಮನೆಯ ಮಕ್ಕಳ ಕಥೆಯನ್ನೆಲ್ಲ ಒಪ್ಪಿಸಿದೆ.

ಅವರು ನಕ್ಕುಬಿಟ್ಟರು. “ಹಾಗಾದರೆ ಅದೇ ವಾಚು ಕಣೋ. ಅದೂ ಹೀಗೇ ಹಿಂದೆ ಬೀಳ್ತಿತ್ತು. ದಿನಾ ಸ್ಕೂಲಿಗೆ ತಡ. ಮಾರಿದ ದಿನ ಪೀಡೆ ತೊಲಗಿತು ಅಂದುಕೊಂಡೆ. ನೀನು ಅದನ್ನೇ ಹುಡುಕಿ ತಂದೆಯಲ್ಲ!”

ಅಡಿಗೆಮನೆಯಿಂದ ನಮ್ಮ ತಾಯಿಯ ದನಿ ಕೇಳಿಸಿತು. “ನಮ್ಮಪ್ಪನ ವಾಚಿಗೆ ಹೆಸರಿಡಬೇಡಿ. ಅಷ್ಟು ವರ್ಷದಲ್ಲಿ ಅದು ಒಂದು ನಿಮಿಷ ಆಚೀಚೆ ಆದದ್ದು ನಾನು ಕಾಣೆ.”

ತಂದೆ ಉತ್ತರ ಹೇಳಲಿಲ್ಲ. ಗಡಿಯಾರವನ್ನು ಇನ್ನೊಮ್ಮೆ ಕಿವಿಗೆ ಹಿಡಿದರು. ಇಬ್ಬರಲ್ಲಿ ಯಾರ ಪಾಠ ಶುದ್ಧವೆಂದು ನಾನು ವಿಚಾರಿಸಲು ಹೋಗಲಿಲ್ಲ.

೩,೫೦೦ ರೂಪಾಯಿ ಹಾಗೆಯೇ ಇದೆ. ಹೆಂಡತಿ ಲೆಕ್ಕದ ಪುಸ್ತಕದಲ್ಲಿ ಅದರ ಮುಂದೆ ‘ರಿಪೇರಿಗೆ’ ಎಂದು ಬರೆದಿಟ್ಟಿದ್ದಾಳೆ. ಆದರೆ ರಿಪೇರಿಗೆ ಕೊಡಲು ತಂದೆ ಬಿಡುತ್ತಿಲ್ಲ. ಬೆಳಿಗ್ಗೆ ಕಾಫಿಯಾದ ಮೇಲೆ ಜಗಲಿಯ ಮೇಲೆ ಕೂತು, ಎಡಗೈಯ ಜನತಾವನ್ನು ನೋಡಿಕೊಂಡು, ಇದರ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಎರಡಕ್ಕೂ ಕೀ ಕೊಡುತ್ತಾರೆ, ಮೊದಲು ಇದಕ್ಕೆ.